ನಿಲುಗಡೆ ಸಮಸ್ಯೆ ಮತ್ತು ಓಡಿಸಿ ನೋಡುವ ತೀರ್ಪುಗಾರ

ಒಂದು ಪ್ರೋಗ್ರಾಂ, ಅದಕ್ಕೆ ಕೊಡುವ ಒಂದು ಇನ್‌ಪುಟ್. ಇವೆರಡನ್ನೂ ಕೈಗಿಟ್ಟರೆ ಆ ಪ್ರೋಗ್ರಾಂ ಎಂದಾದರೊಂದು ದಿನ ಕೆಲಸ ಮುಗಿಸಿ ನಿಲ್ಲುತ್ತದೋ, ಇಲ್ಲ ಸುತ್ತುತ್ತಲೇ ಇರುತ್ತದೋ ಎಂದು ಒಮ್ಮೆಯೂ ತಪ್ಪದೆ ಹೇಳುವ ಇನ್ನೊಂದು ಪ್ರೋಗ್ರಾಂ ಬರೆಯಬಹುದೇ ಎಂಬುದು ನಿಲುಗಡೆ ಸಮಸ್ಯೆ. ಬರೆಯಲಾಗದು ಎಂಬುದು ಉತ್ತರ. ಅದರ ತಿರುಳನ್ನು ಅಲನ್ ಟ್ಯೂರಿಂಗ್ 1936ರಲ್ಲೇ ತೋರಿಸಿದರು. ಆದರೂ ಈ ಪಾಠ ಕೇಳಿದ ಪ್ರತಿ ತರಗತಿಯಲ್ಲಿ ಒಬ್ಬರಾದರೂ ಕೈ ಎತ್ತುತ್ತಾರೆ: “ಅಷ್ಟೇಕೆ ತಲೆ ಕೆಡಿಸಿಕೊಳ್ಳಬೇಕು ಸಾರ್, ಓಡಿಸಿ ನೋಡಿದರಾಯಿತಲ್ಲ? ಅದೇ ಅದೇ ಸುತ್ತು ಬಂದದ್ದು ಕಂಡ ಕೂಡಲೇ ತಡೆದು, ನಿಲ್ಲುವುದಿಲ್ಲ ಅಂತ ಹೇಳಿದರಾಯಿತು.” ಪೆದ್ದು ಪ್ರಶ್ನೆಯಲ್ಲ ಇದು. ಓಡಿಸಿ ನೋಡುವ ತೀರ್ಪುಗಾರ ಎಲ್ಲಿಯವರೆಗೆ ಸರಿ, ಎಲ್ಲಿ ಎಡವುತ್ತಾನೆ ಎಂಬುದೇ ಈ ಲೇಖನದ ವಿಷಯ.

‘ಹಾಲ್ಟ್’ ಎಂಬ ಮಾತು ಕನ್ನಡಿಗರಿಗೆ ಹೊಸದಲ್ಲ. ರಾತ್ರಿ ಊರಲ್ಲೇ ತಂಗಿ ಬೆಳಗ್ಗೆ ಹೊರಡುವ ‘ಹಾಲ್ಟಿಂಗ್ ಬಸ್ಸು’ ಹಳ್ಳಿಗಳ ಹಳೆಯ ಪರಿಚಯ. ಕಂಪ್ಯೂಟರ್ ವಿಜ್ಞಾನಕ್ಕೆ ಈ ಹೆಸರನ್ನು ತಂದದ್ದು ಟ್ಯೂರಿಂಗ್ ಅಲ್ಲ, ಅಮೆರಿಕದ ತರ್ಕಶಾಸ್ತ್ರಜ್ಞ ಮಾರ್ಟಿನ್ ಡೇವಿಸ್. 1958ರ ಅವರ ಪುಸ್ತಕದಿಂದ ಅದು ಬಳಕೆಗೆ ಬಂತು.

ಬಸ್ಸಿನ ಮಾತು ಬಂದಮೇಲೆ, ಬನ್ನೇರುಘಟ್ಟ ರಸ್ತೆಯ ಹುಳಿಮಾವು ಗೇಟ್‌ನಲ್ಲಿ 365ಕ್ಕೆ ಕಾಯುವವರಿಗೆ ಈ ಸಮಸ್ಯೆಯ ಅರ್ಧ ಆಗಲೇ ಗೊತ್ತು. ಬಸ್ಸು ಬಂದರೆ ಬಂತು, ಅಲ್ಲಿಗೆ ಮಾತು ಮುಗಿಯಿತು. ಬರದಿದ್ದರೆ? ಇನ್ನೈದು ನಿಮಿಷಕ್ಕೆ ಬಂದೀತು, ಡೇರಿ ಸರ್ಕಲ್ಲಿನಲ್ಲಿ ಸಿಕ್ಕಿಕೊಂಡಿದ್ದೀತು, ಟ್ರಿಪ್ಪೇ ರದ್ದಾಗಿದ್ದೀತು. ‘ಬರುವುದೇ ಇಲ್ಲ’ ಎಂಬುದು ಎಷ್ಟು ಹೊತ್ತು ಕಾದರೂ ಕಾಯುವುದರಿಂದ ತಿಳಿಯುವುದಿಲ್ಲ; ಬೇರೆ ಬಸ್ಸಿನ ಕಂಡಕ್ಟರ್ “ಅದು ಜಯದೇವದ ಹತ್ರ ಕೆಟ್ಟು ನಿಂತಿದೆ ಕಣ್ರೀ” ಅಂದಾಗ ತಿಳಿಯುತ್ತದೆ. ಪ್ರೋಗ್ರಾಂ ಓಡಿಸಿ ನೋಡುವುದೂ ಹೀಗೆಯೇ. ‘ನಿಲ್ಲುತ್ತದೆ’ ಎಂಬ ಉತ್ತರ ಓಟದೊಳಗಿನಿಂದ ಬರುತ್ತದೆ. ‘ನಿಲ್ಲುವುದಿಲ್ಲ’ ಎಂಬುದು ಹೊರಗಿನ ಸುದ್ದಿ. ಅದಕ್ಕೆ ಸಾಕ್ಷಿಯೋ ಸಾಧನೆಯೋ ಬೇಕು.

ಬಳ್ಳಾರಿಯ ನಂಟು, 1936ರ ಲೇಖನ

ಟ್ಯೂರಿಂಗ್ ಮನೆತನಕ್ಕೆ ಇಂದಿನ ಕರ್ನಾಟಕದ ನೆಲ ಅಪರಿಚಿತವಲ್ಲ. ತಂದೆ ಜೂಲಿಯಸ್ ಟ್ಯೂರಿಂಗ್ ಮದ್ರಾಸ್ ಪ್ರಾಂತದ ಐಸಿಎಸ್ ಅಧಿಕಾರಿ. ನೌಕರಿಯ ಮೊದಲ ವರ್ಷಗಳಲ್ಲಿ ಬಳ್ಳಾರಿ, ಕರ್ನೂಲು, ವಿಶಾಖಪಟ್ಟಣ ಜಿಲ್ಲೆಗಳ ಹಳ್ಳಿಗಳನ್ನು ಕುದುರೆಯ ಮೇಲೆ ಸುತ್ತಿದವರು. ತಾಯಿಯ ತಂದೆ ಎಡ್ವರ್ಡ್ ವಾಲರ್ ಸ್ಟೋನಿ ಮದ್ರಾಸ್ ರೈಲ್ವೆಯ ಮುಖ್ಯ ಎಂಜಿನಿಯರ್, ತುಂಗಭದ್ರೆಗೆ ರೈಲು ಸೇತುವೆ ಕಟ್ಟಿದವರು. ಅಲನ್ ಹುಟ್ಟಿದ್ದು ಲಂಡನ್ನಿನಲ್ಲಿ, 1912ರ ಜೂನ್ 23ರಂದು, ಬೆಳೆದದ್ದೂ ಇಂಗ್ಲೆಂಡಿನಲ್ಲೇ. ರೈಲಿನ ನಂಟು ಮಾತ್ರ ಅವರನ್ನು ಬಿಡಲಿಲ್ಲವೆನ್ನಬೇಕು: ನಿಲುಗಡೆ ಸಮಸ್ಯೆಯ ಸಾಧನೆಯನ್ನು 1953ರಲ್ಲಿ ರೈಲು ಡಬ್ಬಿಯೊಂದರಲ್ಲಿ ಕೂತು ಟ್ಯೂರಿಂಗ್ ತಮಗೆ ಬಾಯಲ್ಲೇ ಹೇಳಿದರೆಂದು ಕಂಪ್ಯೂಟರ್ ವಿಜ್ಞಾನಿ ಕ್ರಿಸ್ಟಫರ್ ಸ್ಟ್ರೇಚಿ 1965ರಲ್ಲಿ ಪತ್ರಿಕೆಯೊಂದಕ್ಕೆ ಕಾಗದ ಬರೆದರು. ಇಂದು ಪಠ್ಯಪುಸ್ತಕಗಳಲ್ಲಿ ಕಾಣುವ ನಾಲ್ಕೇ ಸಾಲಿನ ಸಾಧನೆ ಆ ಕಾಗದದ ಧಾಟಿಯದು.

1936ರ ಮೂಲ ಲೇಖನದ ಧಾಟಿ ಬೇರೆ. ಅದರಲ್ಲಿ ‘ನಿಲ್ಲುವುದು’ ಎಂಬ ಪ್ರಶ್ನೆಯೇ ಇಲ್ಲ; ಅಲ್ಲಿಯ ಒಳ್ಳೆಯ ಯಂತ್ರವೆಂದರೆ ಅಂಕಿಗಳನ್ನು ಕೊನೆಯಿಲ್ಲದೆ ಬರೆಯುತ್ತಾ ಹೋಗುವ ಯಂತ್ರ, ನಡುವೆ ಸಿಕ್ಕಿಬಿದ್ದು ಮುಂದಿನ ಅಂಕಿ ಬರೆಯದೆ ಉಳಿದದ್ದು ಕೆಟ್ಟ ಯಂತ್ರ. ನಮಗೆ ಮುಖ್ಯವಾದದ್ದು ಬೇರೆಯೇ ಇದೆ. ಯಾವ ಯಂತ್ರದ ವಿವರಣೆ ಕೊಟ್ಟರೂ ಅದರಂತೆ ನಡೆದು ತೋರಿಸುವ ‘ಸಾರ್ವತ್ರಿಕ ಯಂತ್ರ’, ಅಂದರೆ ಎಲ್ಲ ಅನುಕರಣೆಗಳ ಮೂಲಪುರುಷ, ಹುಟ್ಟಿದ್ದು ಇದೇ ಲೇಖನದಲ್ಲಿ. ಅದರ ಮಿತಿ ಹೊರಬಿದ್ದದ್ದೂ ಕೆಲವೇ ಪುಟಗಳ ಆಚೆ. ಟ್ಯೂರಿಂಗ್ ಒಂದು ತೀರ್ಪು ಯಂತ್ರ ಇದೆಯೆಂದು ಇಟ್ಟುಕೊಂಡು, ಅದಕ್ಕೆ ಅನುಕರಣ ಯಂತ್ರವನ್ನು ಜೋಡಿಸುತ್ತಾರೆ. ಜೋಡಿ ಯಂತ್ರ 1, 2, 3 ಎಂದು ಎಲ್ಲ ಯಂತ್ರಗಳ ಸಂಖ್ಯೆಗಳನ್ನೂ ಸಾಲಾಗಿ ನೋಡುತ್ತಾ ಹೋಗುತ್ತದೆ: ತೀರ್ಪು ಯಂತ್ರ ಒಳ್ಳೆಯದೆಂದ ಯಂತ್ರವನ್ನು ಬೇಕಾದಷ್ಟು ದೂರ ಓಡಿಸಿ ಒಂದು ಅಂಕಿ ತೆಗೆದುಕೊಳ್ಳುತ್ತದೆ. ಹೀಗೆ ಹೋಗುತ್ತಾ ಒಂದು ದಿನ ತನ್ನದೇ ಸಂಖ್ಯೆಗೆ ಬರುತ್ತದೆ. ಕೆಟ್ಟದ್ದೆಂದು ತೀರ್ಪು ಬಂದರೆ ಅದು ಸುಳ್ಳು, ಏಕೆಂದರೆ ಜೋಡಿ ಯಂತ್ರ ಎಲ್ಲೂ ಸಿಕ್ಕಿಬೀಳದಂತೆ ಕಟ್ಟಿದ್ದು. ಒಳ್ಳೆಯದೆಂದರೆ, ತನ್ನ ಅಂಕಿ ತಿಳಿಯಲು ತನ್ನನ್ನೇ ಓಡಿಸಬೇಕು; ಅದು ಅದೇ ಜಾಗಕ್ಕೆ ಬಂದು ಮತ್ತೆ ತನ್ನನ್ನೇ ಓಡಿಸಬೇಕು; ಆ ಅಂಕಿ ಎಂದಿಗೂ ಹುಟ್ಟುವುದಿಲ್ಲ. ತನ್ನೊಳಗೆ ತನ್ನನ್ನು ಓಡಿಸುವ ಈ ಸುಳಿಯನ್ನೇ ಹೊಸ ಕಿಂಡಿಯೆಂದು ಹೇಳುವವರು ಮೂಲ ಲೇಖನವನ್ನು ತೆರೆದು ನೋಡಬೇಕು. ಅಲ್ಲಿ ಅದು ತಪ್ಪಿಸಿಕೊಳ್ಳುವ ದಾರಿಯಾಗಿಲ್ಲ, ಬೋನಾಗಿದೆ.

ತರಲೆಯ ಪ್ರಕರಣ

ತೀರ್ಪು ಹೇಳುವ ಪ್ರೋಗ್ರಾಮಿಗೆ ‘ತೀರ್ಪುಗಾರ’ ಎಂದೇ ಹೆಸರಿಡೋಣ. ಅದನ್ನು ಕೆಣಕಲೆಂದೇ ಬರೆದ ‘ತರಲೆ’ ಎಂಬ ಪ್ರೋಗ್ರಾಮಿನಲ್ಲಿ ಇರುವುದು ಮೂರೇ ಸಾಲು:

ಸಾಲು 1: ತೀರ್ಪುಗಾರನನ್ನು ಕರೆದು ‘ತರಲೆಯನ್ನು ಓಡಿಸಿದರೆ ನಿಲ್ಲುತ್ತದೆಯೇ?’ ಎಂದು ಕೇಳು.
ಸಾಲು 2: ‘ನಿಲ್ಲುತ್ತದೆ’ ಎಂದರೆ ಕೊನೆಯಿಲ್ಲದೆ ಸುತ್ತು.
ಸಾಲು 3: ‘ನಿಲ್ಲುವುದಿಲ್ಲ’ ಎಂದರೆ ತಕ್ಷಣ ನಿಲ್ಲು.

ತೀರ್ಪುಗಾರ ಏನೇ ಹೇಳಿದರೂ ತರಲೆ ಅದಕ್ಕೆ ತಿರುಗುಮುರುಗಾಗಿ ನಡೆಯುತ್ತದೆ. ಪುಸ್ತಕದ ಸಾಧನೆ ಇಲ್ಲಿಗೆ ಮುಗಿಯಿತು. ಆದರೆ ಓಡಿಸಿ ನೋಡುವ ತೀರ್ಪುಗಾರ ಒಂದು ಉಪಾಯ ಮಾಡುತ್ತಾನೆ. ಅವನು ತರಲೆಯನ್ನು ತನ್ನೊಳಗೆ ಓಡಿಸುತ್ತಾನೆ. ಒಳಗಿನ ತರಲೆ ಸಾಲು 1ರಲ್ಲಿ ತೀರ್ಪುಗಾರನನ್ನು ಕರೆಯುತ್ತದೆ. ಆ ಒಳ ತೀರ್ಪುಗಾರ ಮತ್ತೊಂದು ತರಲೆಯನ್ನು ಓಡಿಸುತ್ತಾನೆ. ಅದು ಮತ್ತೊಬ್ಬ ತೀರ್ಪುಗಾರನನ್ನು ಕರೆಯುತ್ತದೆ. ಮೂರು ಅಂತಸ್ತು ಇಳಿದದ್ದು ಕಂಡ ಕೂಡಲೇ ತಡೆಯಬೇಕೆಂಬುದು ಅವನ ನಿಯಮ ಎನ್ನಿ. ಹೊರಗಿನವನು ಮೂರು ಅಂತಸ್ತು ಎಣಿಸಿ, “ಇದು ಬಾವಿಯೊಳಗಿನ ಬಾವಿ, ಮುಗಿಯುವುದಿಲ್ಲ” ಎಂದು ಓಟವನ್ನು ಕಡಿದು ‘ನಿಲ್ಲುವುದಿಲ್ಲ’ ಎಂದು ತೀರ್ಪು ಕೊಡುತ್ತಾನೆ. ಒಳಗಿನ ತರಲೆ ಸಾಲು 3ನ್ನು ಮುಟ್ಟಲೇ ಇಲ್ಲ ನೋಡಿ, ಹಾಗಾಗಿ ನನ್ನ ತೀರ್ಪು ಸರಿ ಎಂಬುದು ಅವನ ವಾದ.

ಈಗ ತರಲೆಯನ್ನು ನೇರವಾಗಿ ಓಡಿಸಿ. ಸಾಲು 1: ತೀರ್ಪುಗಾರ ಬರುತ್ತಾನೆ, ಮೂರು ಅಂತಸ್ತು ಇಳಿಯುತ್ತಾನೆ, ಕಡಿಯುತ್ತಾನೆ, ‘ನಿಲ್ಲುವುದಿಲ್ಲ’ ಎನ್ನುತ್ತಾನೆ. ಸಾಲು 3: ತರಲೆ ನಿಂತಿತು. ಇಂಟರ್‌ವಲ್ಲಿಗೆ ಎದ್ದು ಮನೆಗೆ ಹೋದವನು ಆ ಸಿನಿಮಾ ಮುಗಿಯುವುದೇ ಇಲ್ಲ ಎಂದು ಊರೆಲ್ಲ ಹೇಳಿದ ಹಾಗಾಯಿತು. ಕೇಳಿದ ಪ್ರಶ್ನೆ ತರಲೆಯ ಬಗ್ಗೆ. ಬಂದ ಉತ್ತರ ಅರ್ಧಕ್ಕೆ ಕಡಿದ ಓಟದ ಬಗ್ಗೆ.

ವಾದಿ ಇಷ್ಟಕ್ಕೆ ಬಿಡುವುದಿಲ್ಲ. “ನಾನು ಕಡಿಯದೇ ಇದ್ದಿದ್ದರೆ ಅದು ಎಂದಿಗೂ ನಿಲ್ಲುತ್ತಿರಲಿಲ್ಲವಲ್ಲ?” ನಿಜ, ನಿಲ್ಲುತ್ತಿರಲಿಲ್ಲ. ಆದರೆ ಕಡಿಯದ ತೀರ್ಪುಗಾರ ಬೇರೊಬ್ಬ ತೀರ್ಪುಗಾರ, ಅವನನ್ನು ಕರೆಯುವ ತರಲೆ ಬೇರೊಂದು ತರಲೆ. ಹೆಸರು ಒಂದೇ ಇದೆಯೆಂದು ಎರಡನ್ನೂ ಒಂದೇ ಎಂದುಕೊಂಡದ್ದರಲ್ಲಿ ಇಡೀ ಗೊಂದಲ ಅಡಗಿದೆ. ಕಡಿಯದವನ ತರಲೆ ನಿಲ್ಲುವುದಿಲ್ಲ, ಅವನು ತೀರ್ಪನ್ನೇ ಕೊಡುವುದಿಲ್ಲ. ಕಡಿಯುವವನ ತರಲೆ ನಿಲ್ಲುತ್ತದೆ, ಅವನು ತಪ್ಪು ತೀರ್ಪು ಕೊಡುತ್ತಾನೆ. ಸರಿಯಾದ ತೀರ್ಪು ಕೊಡುವ ಮೂರನೆಯವನಿಗೆ ಜಾಗವಿಲ್ಲ.

ಅಂತಸ್ತುಗಳ ಲೆಕ್ಕವನ್ನು ಇನ್ನೂ ಹತ್ತಿರದಿಂದ ನೋಡಬೇಕು, ಏಕೆಂದರೆ ಮೋಸ ಇರುವುದು ಅಲ್ಲಿ. ಒಂದು ಯಂತ್ರ ಚಾಚೂ ತಪ್ಪದೆ ಮೊದಲಿದ್ದ ಸ್ಥಿತಿಗೇ ಮರಳಿ ಬಂದರೆ ಅದು ಎಂದಿಗೂ ನಿಲ್ಲುವುದಿಲ್ಲ ಎಂಬುದು ಅಪ್ಪಟ ಸತ್ಯ. ಆದರೆ ಇಲ್ಲಿ ಸ್ಥಿತಿ ಮರಳುವುದಿಲ್ಲ. ಹೊರಗಿನವನು ಮೂರು ಅಂತಸ್ತು ಎಣಿಸಿದ ಗಳಿಗೆಯಲ್ಲಿ ಒಳಗಿನವನ ಎಣಿಕೆ ಎರಡು. ಹೊರಗಿನವನು ಇನ್ನು ಸ್ವಲ್ಪ ತಾಳಿದ್ದರೆ ಒಳಗಿನವನ ಎಣಿಕೆಯೂ ಮೂರಾಗಿ, ಅವನೇ ಕಡಿದು, ‘ನಿಲ್ಲುವುದಿಲ್ಲ’ ಎಂದು, ಒಳಗಿನ ತರಲೆ ಸಾಲು 3ಕ್ಕೆ ಬಂದು ನಿಲ್ಲುವುದು ಕಣ್ಣಿಗೇ ಕಾಣುತ್ತಿತ್ತು. ಇಬ್ಬರೂ ಒಂದೇ ಅಚ್ಚಿನವರಾದ್ದರಿಂದ ಹೊರಗಿನವನು ಪ್ರತಿ ಸಲವೂ ಒಂದು ಹೆಜ್ಜೆ ಮೊದಲೇ ಕಡಿಯುತ್ತಾನೆ. ತಾಳ್ಮೆ ಜಾಸ್ತಿ ಇರುವ ಇನ್ನೊಬ್ಬ ತೀರ್ಪುಗಾರ ಬಂದು ಇದೇ ತರಲೆಯನ್ನು ನೋಡಿದರೆ ಸರಿಯಾದ ತೀರ್ಪನ್ನೇ ಕೊಟ್ಟಾನು. ಆದರೆ ಅವನಿಗೂ ಅವನದೇ ಒಂದು ತರಲೆ ಇದೆ.

‘ತರಲೆ ಎಂಬುದೇ ಅಸಂಬದ್ಧ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು’ ಎನ್ನುವವರೂ ಇದ್ದಾರೆ. ತರಲೆಯಲ್ಲಿ ಅಸಂಬದ್ಧವಾದದ್ದು ಏನೂ ಇಲ್ಲ. ಅದು ಸಾಮಾನ್ಯ ಪ್ರೋಗ್ರಾಂ, ಓಡಿಸಿದರೆ ನಿಲ್ಲುತ್ತದೆ ಇಲ್ಲವೇ ಸುತ್ತುತ್ತದೆ. ತಪ್ಪಿದ್ದು ತೀರ್ಪು ಮಾತ್ರ. 1953ರಲ್ಲಿ ಹೆನ್ರಿ ಗಾರ್ಡನ್ ರೈಸ್ ಇದನ್ನು ಇನ್ನಷ್ಟು ವಿಸ್ತರಿಸಿ, ಪ್ರೋಗ್ರಾಮುಗಳು ಲೆಕ್ಕಹಾಕುವ ವಿಷಯದ ಬಗ್ಗೆ ಕೇಳಬಹುದಾದ, ಕ್ಷುಲ್ಲಕವಲ್ಲದ ಯಾವ ಹೌದು-ಅಲ್ಲ ಪ್ರಶ್ನೆಗೂ ಎಲ್ಲ ಕಡೆ ಸಲ್ಲುವ ತೀರ್ಪುಗಾರನಿಲ್ಲ ಎಂದು ಸಾಧಿಸಿದರು.

ಓಟ ಸಾಕಾಗುವ ಜಾಗ

ನೆನಪಿನ ಜಾಗಕ್ಕೆ ಮಿತಿ ಇದ್ದರೆ ಕಥೆ ಬದಲಾಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎಂಜಿನಿಯರಿಂಗ್ ಹುಡುಗರು ಪ್ರಾಜೆಕ್ಟಿಗೆಂದು ಕೊಳ್ಳುವ ಆರ್ಡುಯಿನೊ ಊನೊ ಬೋರ್ಡಿನಲ್ಲಿ ಇರುವುದು 2 ಕಿಲೋಬೈಟ್ ರ‍್ಯಾಮ್, ಅಂದರೆ 16,384 ಬಿಟ್. ಹೊರಗಿನಿಂದ ಏನೂ ಒಳಬರದಿದ್ದರೆ ಅದರ ಸ್ಥಿತಿಗಳು ಎಣಿಕೆಗೆ ಸಿಗುವಂಥವು. ಒಂದಲ್ಲ ಒಂದು ದಿನ ಯಂತ್ರ ನಿಲ್ಲಬೇಕು, ಇಲ್ಲವೇ ಹಳೆಯ ಸ್ಥಿತಿಗೆ ಮರಳಬೇಕು. ಓಡಿಸಿ ನೋಡುವ ತೀರ್ಪುಗಾರ ಇಲ್ಲಿ ತಪ್ಪುವುದೇ ಇಲ್ಲ. ಆದರೆ ಆ ರ‍್ಯಾಮ್ ಒಂದರದೇ ಸ್ಥಿತಿಗಳ ಸಂಖ್ಯೆ ಬರೆಯಲು 4,933 ಅಂಕಿ ಬೇಕು. ಜೊತೆಗೆ ತೀರ್ಪುಗಾರನಿಗೆ ಆ ಬೋರ್ಡಿಗಿಂತ ದೊಡ್ಡ ನೆನಪು ಬೇಕು; ತನ್ನಷ್ಟೇ ದೊಡ್ಡದರ ಮೇಲೆ ತೀರ್ಪು ಹೇಳಲು ಹೋದರೆ ತರಲೆ ಮತ್ತೆ ಬಾಗಿಲಲ್ಲಿ ನಿಂತಿರುತ್ತದೆ.

ಬೆಂಗಳೂರಿನಲ್ಲಿ: ಓಟದಿಂದ ಸಾಧನೆಗೆ

ಎಲ್ಲಕ್ಕೂ ಉತ್ತರ ಹೇಳಲಾಗದು ಎಂದಮಾತ್ರಕ್ಕೆ ಯಾವುದಕ್ಕೂ ಹೇಳಲಾಗದು ಎಂದಲ್ಲ. ಈ ನಡುವಿನ ಜಾಗದಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಶ್ರೀರಾಮ್ ರಾಜಮಣಿ ಮತ್ತು ಥಾಮಸ್ ಬಾಲ್ ಮೈಕ್ರೋಸಾಫ್ಟಿನಲ್ಲಿ ಕಟ್ಟಿದ ‘ಸ್ಲ್ಯಾಮ್’ ಎಂಬ ಉಪಕರಣ, ವಿಂಡೋಸ್ ಡ್ರೈವರುಗಳ ಕೋಡ್ ನಿಯಮ ತಪ್ಪುತ್ತದೆಯೇ ಎಂದು ಓಡಿಸದೆಯೇ ಪರೀಕ್ಷಿಸುತ್ತಿತ್ತು. ಅದರ ಬೆನ್ನಲ್ಲೇ 2006ರಲ್ಲಿ ಬೈರನ್ ಕುಕ್, ಆಂಡ್ರಿಯಾಸ್ ಪೊಡೆಲ್ಸ್ಕಿ, ಆಂಡ್ರೆ ರಿಬಲ್ಚೆಂಕೊ ಡ್ರೈವರುಗಳ ಲೂಪುಗಳು ಮುಗಿಯುತ್ತವೆಂದು ಸಾಧಿಸುವ ‘ಟರ್ಮಿನೇಟರ್’ ತಂದರು. ನಿಲುಗಡೆ ಸಮಸ್ಯೆಯ ಹೆಸರು ಹೇಳಿ ಯಾರೂ ಕೈಕಟ್ಟಿ ಕೂರಬೇಕಿಲ್ಲ ಎಂಬುದಕ್ಕೆ ಇದು ಮುಖ್ಯ ಸಾಕ್ಷಿ.

ಮೈಕ್ರೋಸಾಫ್ಟಿನ ಸಂಶೋಧನಾ ಕೇಂದ್ರ ಬೆಂಗಳೂರಿನಲ್ಲಿ 2005ರಲ್ಲಿ ಆರಂಭವಾಯಿತು. ರಾಜಮಣಿ ಇಲ್ಲಿಗೆ ಬಂದಮೇಲೆ ಅವರು ಮತ್ತು ಆದಿತ್ಯ ನೋರಿ ಸೇರಿ ‘ಯೋಗಿ’ ಎಂಬ ಯೋಜನೆ ನಡೆಸಿದರು. ನೋರಿ ಅದಕ್ಕೆ ಮೊದಲು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೀತಿ ಶಂಕರ್ ಅವರೊಂದಿಗೆ ಕೋಡಿಂಗ್ ಸಿದ್ಧಾಂತದ ಮೇಲೆ ಕೆಲಸ ಮಾಡಿದ್ದವರು. ಯೋಗಿಯ ವಿಶೇಷವೆಂದರೆ, ಓಡಿಸಿ ನೋಡುವುದು ಮತ್ತು ತರ್ಕದಿಂದ ಸಾಧಿಸುವುದು ಎಂಬ ಎರಡು ಎತ್ತುಗಳನ್ನು ಒಂದೇ ನೊಗಕ್ಕೆ ಕಟ್ಟಿದ್ದು. ತಪ್ಪು ಹುಡುಕಲು ಓಟ, ತಪ್ಪಿಲ್ಲವೆಂದು ತೋರಿಸಲು ಸಾಧನೆ. ಒಂದು ಸೋತ ಕಡೆ ಇನ್ನೊಂದಕ್ಕೆ ಸುಳಿವು.

ಇದೇ ಬಗೆಯ ಆಲೋಚನೆಯನ್ನು ನೋರಿ ಮತ್ತು ರಾಹುಲ್ ಶರ್ಮ 2013ರಲ್ಲಿ ನೇರ ನಿಲುಗಡೆಯ ಪ್ರಶ್ನೆಗೇ ಹಚ್ಚಿದರು. ಅವರ ಲೇಖನದ ವಿಧಾನವನ್ನು ನಾನೇ ಮಾಡಿಕೊಂಡ ಒಂದು ಸಣ್ಣ ಉದಾಹರಣೆಯಿಂದ ಹೇಳುತ್ತೇನೆ. ಒಂದು ಲೂಪ್: ಕೈಲಿರುವ ಸಂಖ್ಯೆ ಸೊನ್ನೆಗಿಂತ ದೊಡ್ಡದಿರುವ ತನಕ ಅದರಿಂದ 3 ಕಳೆ. ಮೊದಲು ಓಡಿಸಿ ನೋಡಿ: 3 ಕೊಟ್ಟರೆ 1 ಸುತ್ತು, 6 ಕೊಟ್ಟರೆ 2, 9 ಕೊಟ್ಟರೆ 3. ಈ ಅಂಕಿಗಳಿಗೆ ಒಂದು ಗೆರೆ ಎಳೆದರೆ ಸಿಗುವ ಊಹೆ: ಸುತ್ತುಗಳು ಸಂಖ್ಯೆಯ ಮೂರನೇ ಒಂದು ಪಾಲನ್ನು ಮೀರುವುದಿಲ್ಲ. ಊಹೆಯನ್ನು ಸಾಧನೆಯ ಉಪಕರಣಕ್ಕೆ ಒಪ್ಪಿಸಿದರೆ ಅದು 10ನ್ನು ತಂದು ಮುಖಕ್ಕೆ ಹಿಡಿಯುತ್ತದೆ: ಇದಕ್ಕೆ 4 ಸುತ್ತು, ನಿಮ್ಮ ಲೆಕ್ಕ 3.33. ಆ ಅಂಕಿಯನ್ನೂ ಸೇರಿಸಿ ಗೆರೆ ಎಳೆದರೆ, ಮೂರನೇ ಒಂದು ಪಾಲು ಮತ್ತು ಇನ್ನೊಂದು ಎಂಬ ಹೊಸ ಊಹೆ. ಈ ಬಾರಿ ಉಪಕರಣ ಒಪ್ಪುತ್ತದೆ, ಏಕೆಂದರೆ ಪ್ರತಿ ಸುತ್ತಿನಲ್ಲೂ ‘ಉಳಿದ ಸಂಖ್ಯೆ ಕೂಡಿಸು ಸುತ್ತುಗಳ ಮೂರು ಪಟ್ಟು’ ಎಂಬುದು ಮೊದಲ ಸಂಖ್ಯೆಯಷ್ಟೇ ಇರುತ್ತದೆ. ಮೂರು ನಾಲ್ಕು ಓಟಗಳಿಂದ ಶುರುವಾದದ್ದು ಯಾವ ಧನ ಸಂಖ್ಯೆ ಕೊಟ್ಟರೂ ಸಲ್ಲುವ ಸಾಧನೆಯಾಯಿತು. ಇಲ್ಲಿ ತೀರ್ಪು ಕೊಟ್ಟದ್ದು ಓಟವಲ್ಲ. ಎಲ್ಲಿ ಹುಡುಕಬೇಕೆಂದು ಓಟ ತೋರಿಸಿತು. ತೀರ್ಪು ಬಂದದ್ದು ಬದಲಾಗದೆ ಉಳಿದ ಆ ಮೊತ್ತದಿಂದ.

ಸಂಖ್ಯೆ ಸಮವಾದರೆ ಅರ್ಧ ಮಾಡು, ಬೆಸವಾದರೆ ಮೂರರಿಂದ ಗುಣಿಸಿ ಒಂದು ಕೂಡಿಸು ಎಂಬ ಕೊಲಾಟ್ಸ್ ಲೂಪಿಗೆ ಇಂಥ ಗೆರೆ ಯಾರಿಗೂ ಸಿಕ್ಕಿಲ್ಲ. 6ರಿಂದ ಹೊರಟರೆ 8 ಹೆಜ್ಜೆಗೆ 1 ಬರುತ್ತದೆ. 27ರಿಂದ ಹೊರಟರೆ 9,232ರವರೆಗೆ ಹತ್ತಿ, ಇಳಿದು 1 ಮುಟ್ಟಲು 111 ಹೆಜ್ಜೆ. 2ರ 68ನೆಯ ಘಾತದವರೆಗಿನ ಎಲ್ಲ ಸಂಖ್ಯೆಗಳನ್ನೂ 2020ರ ಹೊತ್ತಿಗೆ ಪರೀಕ್ಷಿಸಿ ಆಗಿದೆ, ಎಲ್ಲವೂ 1ಕ್ಕೆ ಬಂದಿವೆ. ಮುಂದಿನದಕ್ಕೆ ಸಾಧನೆಯಿಲ್ಲ.

ಬಳಕೆಯಲ್ಲಿ

ದಿನದ ಕೆಲಸದಲ್ಲಿ ಎಂಜಿನಿಯರುಗಳು ಪ್ರಶ್ನೆಯನ್ನೇ ಬದಲಿಸಿಕೊಂಡಿದ್ದಾರೆ. ಲಿನಕ್ಸ್ ಕರ್ನಲ್ಲಿನೊಳಗೆ ಹೊರಗಿನವರ ಸಣ್ಣ ಪ್ರೋಗ್ರಾಮುಗಳನ್ನು ಬಿಟ್ಟುಕೊಳ್ಳುವ ಇಬಿಪಿಎಫ್ ವ್ಯವಸ್ಥೆಯ ಪರಿಶೀಲಕ, ಬಂದ ಪ್ರೋಗ್ರಾಮಿನ ದಾರಿಗಳನ್ನು ಒಂದೊಂದಾಗಿ ಅನುಕರಿಸಿ ನೋಡುತ್ತದೆ. 2019ರಿಂದ ಮಿತಿಯುಳ್ಳ ಲೂಪುಗಳಿಗೂ ಅಲ್ಲಿ ಅವಕಾಶವಿದೆ, ಆದರೆ ಪರಿಶೀಲನೆ 10 ಲಕ್ಷ ಆದೇಶಗಳನ್ನು ಮೀರಿದರೆ ಪ್ರೋಗ್ರಾಂ ತಿರಸ್ಕೃತ. ಅದು ‘ನಿಲ್ಲುವುದಿಲ್ಲ’ ಎನ್ನುವುದಿಲ್ಲ. ‘ನನಗೆ ನಂಬಿಕೆಯಾಗಲಿಲ್ಲ, ಹೊರಗಿರು’ ಎನ್ನುತ್ತದೆ. ಓಡಿಸಿ ನೋಡುವ ಪ್ರಾಮಾಣಿಕ ತೀರ್ಪುಗಾರ ಹೀಗಿರುತ್ತಾನೆ. ಕೋಡಿಂಗ್ ಸ್ಪರ್ಧೆಗಳಲ್ಲಿ ಹುಡುಗರ ಎದೆ ಒಡೆಯುವ ‘ಟಿಎಲ್‌ಇ’ಯೂ ಇದೇ ಜಾತಿಯದು: ಸಮಯ ಮೀರಿತು ಎನ್ನುತ್ತದೆ, ಮುಂದೇನಾಗುತ್ತಿತ್ತು ಎಂದು ಹೇಳುವ ಗೋಜಿಗೆ ಹೋಗುವುದಿಲ್ಲ. ಬಾಹ್ಯಾಕಾಶದಂಥ ಕಡೆ ಇನ್ನೂ ಬಿಗಿ: ನಾಸಾದ ಜೆಪಿಎಲ್‌ನಲ್ಲಿದ್ದ ಜೆರಾರ್ಡ್ ಹೋಲ್ಸ್‌ಮನ್ 2006ರಲ್ಲಿ ಬರೆದ ಹತ್ತು ನಿಯಮಗಳಲ್ಲಿ, ಪ್ರತಿ ಲೂಪಿಗೂ ಮೊದಲೇ ಗೊತ್ತಿರುವ ಮೇಲ್ಮಿತಿ ಇರಬೇಕೆಂಬುದೂ ಒಂದು.

ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಈ ವಿಷಯ ಬರುವುದು ಐದನೇ ಸೆಮಿಸ್ಟರಿನಲ್ಲಿ. ವಿಟಿಯುವಿನ 2015ರ ಸ್ಕೀಮಿನಲ್ಲಿ ಪತ್ರಿಕೆಯ ಹೆಸರು ‘ಆಟೊಮ್ಯಾಟಾ ಥಿಯರಿ ಅಂಡ್ ಕಂಪ್ಯೂಟಬಿಲಿಟಿ’, ಹುಡುಗರ ಬಾಯಲ್ಲಿ ಎಟಿಸಿ. ನಿಲುಗಡೆ ಸಮಸ್ಯೆ ಇದ್ದದ್ದು ಕೊನೆಯ ಮಾಡ್ಯೂಲಿನಲ್ಲಿ, ಪೋಸ್ಟ್ ಹೊಂದಾಣಿಕೆ ಸಮಸ್ಯೆಯ ಪಕ್ಕ. ಕೊನೆಯ ಮಾಡ್ಯೂಲ್ ಎಂದರೆ ಪಾಠ ಓಡಿಸುವ ಜಾಗ, ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡುವ ಜಾಗ. ಅದೇ ಹುಡುಗರು ಮುಂದೆ ಹುಳಿಮಾವು, ಅರಕೆರೆ, ಗೊಟ್ಟಿಗೆರೆಯ ಪಿ.ಜಿ.ಗಳಲ್ಲಿದ್ದುಕೊಂಡು ಹ್ಯಾಂಗ್ ಆದ ಬಿಲ್ಡುಗಳನ್ನು ನೋಡುತ್ತಾ, ಕೊಲ್ಲಬೇಕೋ ಇನ್ನಷ್ಟು ಕಾಯಬೇಕೋ ಎಂದು ರಾತ್ರಿ ಹನ್ನೊಂದಕ್ಕೆ ಯೋಚಿಸುವಾಗ ಆ ಎರಡು ಪುಟ ನೆನಪಾದರೆ ಪುಣ್ಯ.

ಐದು ಸ್ಥಿತಿಯ ಯಂತ್ರಗಳು, ಆರು ಸ್ಥಿತಿಯವು

ಓಡಿಸಿ ನೋಡುವ ತೀರ್ಪುಗಾರರ ಈವರೆಗಿನ ಅತಿ ದೊಡ್ಡ ಕೆಲಸ ನಡೆದದ್ದು ‘ಬ್ಯುಸಿ ಬೀವರ್’ ಎಂಬ ಆಟದಲ್ಲಿ. ಟಿಬೋರ್ ರಾಡೊ 1962ರಲ್ಲಿ ಕೇಳಿದ ಪ್ರಶ್ನೆ ಇದು: ಖಾಲಿ ಪಟ್ಟಿಯ ಮೇಲೆ ಓಡಿ ಕೊನೆಗೆ ನಿಲ್ಲುವ, ಇಂತಿಷ್ಟು ಸ್ಥಿತಿಗಳ ಟ್ಯೂರಿಂಗ್ ಯಂತ್ರಗಳಲ್ಲಿ ಅತಿ ಹೆಚ್ಚು ಹೆಜ್ಜೆ ಇಡುವುದು ಎಷ್ಟು? ಎರಡು ಸ್ಥಿತಿಗೆ 6, ಮೂರಕ್ಕೆ 21, ನಾಲ್ಕಕ್ಕೆ 107. ಐದು ಸ್ಥಿತಿಯ ಯಂತ್ರಗಳನ್ನು ಬರೆಯುವ ಬಗೆಗಳು 21ರ ಹತ್ತನೆಯ ಘಾತದಷ್ಟು, ಅಂದರೆ 16 ಲಕ್ಷ ಕೋಟಿಗೂ ಹೆಚ್ಚು. ಅವುಗಳಲ್ಲಿ 4,71,76,870 ಹೆಜ್ಜೆ ಇಟ್ಟು ನಿಲ್ಲುವ ಒಂದನ್ನು ಹೈನರ್ ಮಾರ್ಕ್ಸೆನ್ ಮತ್ತು ಯುರ್ಗನ್ ಬುಂಟ್ರಾಕ್ 1989ರಲ್ಲಿ ಕಂಡುಹಿಡಿದರು. ಅದಕ್ಕಿಂತ ದೂರ ಓಡಿ ನಿಲ್ಲುವುದು ಇಲ್ಲವೆಂದು ಹೇಳಲು, ಅಷ್ಟು ಹೆಜ್ಜೆಯೊಳಗೆ ನಿಲ್ಲದ ಯಂತ್ರಗಳು ನಿಲ್ಲುವುದೇ ಇಲ್ಲ ಎಂದು ಒಂದೊಂದಕ್ಕೂ ಸಾಧನೆ ಬೇಕು. ಬಲ್ಗೇರಿಯದ ಜಾರ್ಜಿ ಜಾರ್ಜಿಯೆವ್ 2003ರಲ್ಲಿ ಪಟ್ಟು ಬಿಡದೆ ಅಳಿಸುತ್ತಾ ಬಂದು 43 ಹಟಮಾರಿಗಳನ್ನು ಉಳಿಸಿದರು. ದೇಶದೇಶಗಳ ಹವ್ಯಾಸಿಗಳು ಸೇರಿ, ಒಂದೊಂದು ಬಗೆಯ ಸುತ್ತಿಗೆ ಒಂದೊಂದು ತೀರ್ಪುಗಾರನನ್ನು ಬರೆದರು: ಅದೇ ಜಾಗಕ್ಕೆ ಮರಳುವವು, ಪಕ್ಕಕ್ಕೆ ಸರಿಯುತ್ತಾ ಅದೇ ನಡೆ ನಡೆಯುವವು, ಎರಡು ಗೋಡೆಗಳ ನಡುವೆ ಪುಟಿಯುತ್ತಾ ಗೋಡೆಗಳನ್ನು ದೂರ ತಳ್ಳುವವು. ಪ್ರತಿಯೊಬ್ಬನೂ ಸ್ವಲ್ಪ ದೂರ ಓಡಿಸಿ ನೋಡುತ್ತಾನೆ, ಮಾದರಿ ಹಿಡಿಯುತ್ತಾನೆ, ಆ ಮಾದರಿ ಕೊನೆತನಕ ಮುರಿಯದೆಂದು ಸಾಧಿಸುತ್ತಾನೆ. ಸಾಧನೆ ಸಿಗದಿದ್ದರೆ ಬಾಯಿ ಬಿಡುವುದಿಲ್ಲ. 2024ರ ಮೇ ತಿಂಗಳಲ್ಲಿ ಇಡೀ ಸಾಧನೆಯನ್ನು ಕಾಕ್ ಎಂಬ ಸಾಧನಾ ಪರಿಶೀಲಕದಲ್ಲಿ ಬರೆದು ಮುಗಿಸಲಾಯಿತು.

ಆರು ಸ್ಥಿತಿಯ ಯಂತ್ರಗಳಲ್ಲಿ ‘ಆಂಟಿಹೈಡ್ರಾ’ ಎಂಬುದೊಂದಿದೆ. ಅದರ ಪಟ್ಟಿಯ ಮೇಲಿನ ಗೀಚುಗಳನ್ನು ಬಿಡಿಸಿ ಓದಿದರೆ ಸಿಗುವ ಲೆಕ್ಕ ಸರಳ: 8ರಿಂದ ಹೊರಡು, ಪ್ರತಿ ಬಾರಿ ಸಂಖ್ಯೆಯನ್ನು ಒಂದೂವರೆ ಪಟ್ಟು ಮಾಡಿ, ಅರ್ಧ ಉಳಿದರೆ ಬಿಟ್ಟುಬಿಡು. 8, 12, 18, 27, 40, 60, 90, 135, 202, 303, 454. ಸಾಲಿನಲ್ಲಿ ಬಂದ ಬೆಸ ಸಂಖ್ಯೆಗಳ ಎಣಿಕೆ ಸಮ ಸಂಖ್ಯೆಗಳ ಎಣಿಕೆಯ ಎರಡು ಪಟ್ಟನ್ನು ಎಂದಾದರೂ ಮೀರಿದರೆ ಯಂತ್ರ ನಿಲ್ಲುತ್ತದೆ. ಮೇಲಿನ ಹನ್ನೊಂದರಲ್ಲಿ ಬೆಸ ಮೂರು, ಸಮ ಎಂಟು. ಎಷ್ಟು ದೂರ ಓಡಿಸಿದರೂ ಬೆಸಗಳು ಸಮಗಳ ಆಸುಪಾಸಿನಲ್ಲೇ ಇವೆ, ಎರಡು ಪಟ್ಟಿನ ಹತ್ತಿರಕ್ಕೂ ಬಂದಿಲ್ಲ. ಬರಲಾರವು ಎಂಬುದನ್ನು ಯಾರೂ ಸಾಧಿಸಿಲ್ಲ.